ನಲವತ್ತು ನಿಮಿಷದ ಹೊನ್ನು

ಕೇಳು ಡಾರಿಯೊ, ಸೆಪ್ಟೆಂಬರಿನಲ್ಲಿ ನಮಗೆ ಸಿಗುವುದು
ಹೆಚ್ಚೆಂದರೆ ನಲವತ್ತು ನಿಮಿಷ.
ಮೊದಲು ಕೋಟೆಗೋಡೆಯ ಮೇಲೆ ನಿಲ್ಲಿಸು ಮದುಮಗಳನ್ನು,
ಟ್ರಾಪಾನಿ ಅವಳ ಬೆನ್ನಿಗೆ ಬರಲಿ.
ಒಗೆದ ಬಟ್ಟೆಯ ಹಗ್ಗ ಕಂಡರೆ ಕಾಣಲಿ ಬಿಡು,
ಅದೂ ಬಿಳಿಯೇ.

ಆಮೇಲೆ ಓಡು, ಲಿನ್ಯಿ ಬುರುಜಿನ ತುದಿಗೆ.
ಎರಡು ಕಡಲು ಮುಟ್ಟಿ ಮುನಿಸಿಕೊಳ್ಳುವ ಜಾಗ.
ಗಾಳಿ ಮುಸುಕು ಕಿತ್ತುಕೊಳ್ಳುತ್ತದೆ. ಹಿಡಿಯಲು ಹೋಗಬೇಡ,
ಅವಳು ನಿಜಕ್ಕೂ ನಗುವುದು ಆಗಲೇ.

ಕೊನೆಗೆ ಉಪ್ಪಿನಾಗರ.
ರೆಕ್ಕೆ ಮುರಿದ ಗಾಳಿಗಿರಣಿ,
ಹೆಂಚು ಹೊದ್ದು ಮಲಗಿದ ಉಪ್ಪಿನ ರಾಶಿ,
ನೀರು ಮೊದಲು ತಾಮ್ರ, ಆಮೇಲೆ ಕಲ್ಲಂಗಡಿಯ ತಿರುಳು.
ಮರೆತ್ತಿಮೊ ದ್ವೀಪದ ಹೆಗಲಿಗೆ ಸೂರ್ಯ ಗಲ್ಲ ಊರಿದಾಗ
ಉಸಿರು ಹಿಡಿ, ಒತ್ತು.
ಆ ಬೆಳಕಲ್ಲಿ ಸಾಲಗಾರನೂ ದೊರೆ,
ದಾರಿಯುದ್ದ ಕಚ್ಚಾಡಿ ಬಂದ ಜೋಡಿಯೂ
ಈಗಷ್ಟೇ ಕಣ್ಣು ಕೂಡಿಸಿದಂತೆ.
ಇಪ್ಪತ್ತಾರು ವರ್ಷ ಈ ಸುಳ್ಳನ್ನೇ ಉಂಡಿದ್ದೇನೆ.
ಉಪ್ಪಿನ ಋಣ.

ಲಿಬೋರಿಯೊ ಬಂದದ್ದು ಕಳೆದ ವಾರ.
ಗೊತ್ತಲ್ಲ, ನಮ್ಮ ಚಿತ್ರಗಳಲ್ಲೆಲ್ಲ ದೂರದಲ್ಲಿ
ಸಲಿಕೆ ಹಿಡಿದ ಒಂದು ಕಪ್ಪು ಗೀಟು,
ನಾನೇ ನಿನಗೆ ಒರೆಸಲು ಕಲಿಸಿದ್ದು, ಅವನೇ.
ಟೋಪಿ ಕಳಚಿ ಬಾಗಿಲಲ್ಲೇ ನಿಂತು ಹೇಳಿದ:
ಕಲ್ಲು ಕೊಂಡಿದ್ದೇನೆ, ನೀನ್ಫಾಳ ಪಕ್ಕದಲ್ಲೇ ಜಾಗ.
ಅದರ ಮೇಲೆ ಅಂಟಿಸಲು ಒಂದು ಮುಖ ಬೇಕು.

ಸಂಜೆ ಬಾ, ಅಂದೆ. ಏಳು ಗಂಟೆಗೆ. ನಿನ್ನನ್ನು ಬಂಗಾರ ಮಾಡುತ್ತೇನೆ.

ತಲೆ ಅಲ್ಲಾಡಿಸಿದ.
ಬಂಗಾರವಾದರೆ ಅವಳಿಗೆ ಗುರುತು ಹತ್ತುವುದಿಲ್ಲ.
ಬುತ್ತಿ ಹಿಡಿದು ಅವಳು ಬರುತ್ತಿದ್ದದ್ದು ನಡುಹಗಲಿಗೆ,
ನಾನು ತಲೆಯೆತ್ತುತ್ತಿದ್ದದ್ದು ಹೀಗೆ,
ಅಂದವನೇ ಕಣ್ಣು ಕಿರಿದು ಮಾಡಿ ತೋರಿಸಿದ.

ಹೋದೆ. ಹನ್ನೆರಡು ಗಂಟೆ. ನೆತ್ತಿ ಸೀಳುವ ಬಿಸಿಲು,
ಸುತ್ತಲೂ ಉಪ್ಪು, ಬೆಳಕು ಕೆಳಗಿನಿಂದಲೂ ಹೊಡೆಯುತ್ತದೆ.
ಮೂಗಿನ ಕೆಳಗೆ ಕರಿ ನೆರಳು,
ರೆಪ್ಪೆಯ ಮೇಲೆ ಬಿಳಿ ಧೂಳು,
ಒಂದೊಂದು ಸುಕ್ಕೂ ಉಳುಮೆಯ ಸಾಲು.
ನಿನಗೆ ಬೇಡವೆಂದು ಹೇಳಿಕೊಟ್ಟದ್ದೆಲ್ಲ ಅಲ್ಲಿತ್ತು.
ಕ್ಯಾಮೆರಾದ ಬೆನ್ನಿಗೆ ಅಂಗೈ ಮರೆಮಾಡಿ
ತುಂಬ ಹೊತ್ತು ನೋಡಿದ.
ಹೂಂ, ಅಂದ, ಇವನೇ.

ಹಣ ಬೇಡವೆಂದರೆ ಕೇಳಲಿಲ್ಲ,
ಹರಳುಪ್ಪಿನ ಪೊಟ್ಟಣ ನನ್ನ ಜೇಬಿಗೆ ತುರುಕಿದ.
ಅದಿನ್ನೂ ಅಲ್ಲೇ ಇದೆ, ಲೆನ್ಸಿಗೆ ಒಳ್ಳೆಯದಲ್ಲ.

ಸರಿ, ಏಳು. ಮದುಮಗಳು ಕಾರಿನಲ್ಲಿ ಬೆವರುತ್ತಿದ್ದಾಳೆ.
ಗೋಡೆ, ಬುರುಜು, ಆಗರ, ಅದೇ ದಾರಿ.
ದೂರದಲ್ಲಿ ಆ ಗೀಟು ಬಿದ್ದರೆ ಮಾತ್ರ
ಇವತ್ತು ಒರೆಸಬೇಡ.
ಕೇಳಿದರೆ, ಗಾಳಿಗಿರಣಿಯ ಕಂಬ ಅನ್ನು.