ಅಂಚಿನ ತೂಕ

ಹೇಳದೆ ಕೇಳದೆ ನನ್ನ ತಮ್ಮ ಅಣವೀರ
ಡ್ರೈವಿಂಗ್ ಸ್ಕೂಲಿನ ಗಾಡಿಗೆ
ಹದಿನಾರಿಂಚಿನ ಕರಿ ಅಲಾಯ್ ಹಾಕಿಸಿ ತಂದ.
"ಹದಿನಾಲ್ಕರ ತಗಡಿನ ಗಾಲಿ ಸಾಕಿನ್ನ, ಅಕ್ಕಾ.
ಸೇಡಂ ರೋಡಿನಾಗ ಮಂದಿ ಹೊರಳಿ ನೋಡ್ಬೇಕು."

ಮಂದಿ ನೋಡಿದರು.
ಮರುದಿನ ಬೆಳಿಗ್ಗೆ ಆರೂವರೆಗೆ ಮೈದಾನದ ಬದಿ
ಶಕುಂತಲಾಬಾಯಿ, ರಿಟೈರಾದ ನರ್ಸು, ಐದನೇ ಪಾಠ,
ಕ್ಲಚ್ ಬಿಟ್ಟರು. ಗಾಡಿ ಸತ್ತಿತು.
ಮತ್ತೆ ಬಿಟ್ಟರು. ಮತ್ತೆ.
"ನನ್ನ ಕಾಲಿಂದೇ ದೋಷ ಅದಾ ಏನ್ರಿ ಮೇಡಂ?"
ಮೂವತ್ತು ವರ್ಷ ನಾಡಿ ಹಿಡಿದ ಕೈ
ಸ್ಟೇರಿಂಗಿನ ಮೇಲೆ ಬೆವರಿತ್ತು.

ಮಶಾಕಸಾಬರ ಅಂಗಡಿಗೆ ಒಯ್ದೆ.
ಬಾನೆಟ್ ಮುಟ್ಟಲೇ ಇಲ್ಲ ಅವರು;
ಗಾಲಿಯೆದುರು ಕುಕ್ಕರಗಾಲಲ್ಲಿ ಕೂತು
ಗೇಣು ಹಾಕಿ ಅಳೆದರು.
"ಜ್ವಾಳದ ಹೊಲದಾಗ ಕವಣಿ ಬೀಸೀರೇನು?
ಹಗ್ಗ ಗಿಡ್ಡ ಹಿಡದ್ರ ಕಲ್ಲು ಹಗೂರ,
ಉದ್ದ ಬಿಟ್ರ ತೋಳೇ ಜಗ್ಗತದ.
ಕಲ್ಲು ಒಂದೇ, ದೂರ ಬ್ಯಾರೆ.
ಡಿಕ್ಕಿಯೊಳಗ ಒಂದು ಚೀಲ ತೊಗರಿ ಹೇರ್ರಿ, ತಾಳ್ತದ.
ಗಾಲಿ ಅಂಚಿಗಿ ನಾಕು ಕಿಲೊ ಬಿಗೀರಿ,
ನಿಂತದ್ದು ಏಳಲ್ಲ, ಎದ್ದದ್ದು ನಿಂದ್ರಲ್ಲ."

ಅವ್ವನ ಬೀಸುಕಲ್ಲು.
ಬ್ಯಾಳಿ ಒಡೆಯುವಾಗ ಮೊದಲ ಸುತ್ತು ಎಂದೂ ಅವಳದೇ,
ಕಲ್ಲು ಓಡತೊಡಗಿದ ಮೇಲೆ ಗೂಟ ನನ್ನ ಕೈಗೆ.
ಆಟಕ್ಕೆ ಕೊಡುತ್ತಾಳೆ ಅಂದುಕೊಂಡಿದ್ದೆ.

"ಇನ್ನೊಂದು ಕೇಳ್ರಿ, ಮೀಟರೂ ಸುಳ್ಳು ಹೇಳ್ತದ.
ಗಾಲಿ ದೊಡ್ಡದಾತು, ಸುತ್ತು ಕಡಿಮಿ.
ನೂರಾ ಎಂಟು ಕಿಲೋಮೀಟರ್ ಹೋಗಿರ್ತೀರಿ,
ಅದು ನೂರು ಅಂತದ."

ಈ ಮಾತು ಮಾತ್ರ ರಿಂಗ್ ರೋಡಿನುದ್ದಕ್ಕೂ ಹಿಂದೆ ಬಿತ್ತು:
ನಡೆದದ್ದಕ್ಕಿಂತ ಕಡಿಮೆ ಹೇಳುವ ಯಂತ್ರ.
ಒಂಬತ್ತು ವರ್ಷ ಎಡಗಡೆ ಸೀಟಿನಲ್ಲಿ ಕೂತು
ಕಾಲಡಿಯ ಎರಡನೇ ಬ್ರೇಕು ಎಷ್ಟು ಸಲ ಒತ್ತಿದೆ,
ಎಷ್ಟು ಸಲ ಒತ್ತದೆ ಕಾದೆ,
ಲೈಸೆನ್ಸು ಬಂದವರಿಗೆ ಗೊತ್ತಿಲ್ಲ.
ಲೆಕ್ಕ ನಾನೂ ಇಟ್ಟಿಲ್ಲ.

ಹಳೆ ಗಾಲಿ ಮತ್ತೆ ಬಂದವು.
ಅಣವೀರ ಎರಡು ದಿನ ಮಾತು ಬಿಟ್ಟ.
ಅಲಾಯ್ ನಾಲ್ಕೂ ಅಂಗಳದ ಶಹಾಬಾದಿ ಕಲ್ಲಿನ ಮೇಲೆ
ಒಂದರ ಮೇಲೊಂದು; ಒಳಗೆ ಬೆಕ್ಕು ಮರಿ ಹಾಕಿದೆ,
ಮಾರುವಂತಿಲ್ಲ.

ಶಕುಂತಲಾಬಾಯಿ ಕ್ಲಚ್ ಬಿಟ್ಟರು.
ಗಾಡಿ ಏನೂ ಆಗದಂತೆ ಹೊರಟಿತು.
ಮೈದಾನಕ್ಕೆ ಮೂರು ಸುತ್ತು ಹಾಕಿ, ಇಳಿದು,
ಮುಂದಿನ ಗಾಲಿಯ ಬಳಿ ಬಗ್ಗಿ
ತುಕ್ಕಿನ ಅಂಚಿಗೆ ಎರಡು ಬೆರಳಿಟ್ಟು,
ವಾಚು ನೋಡಿ,
"ಸ್ವಲ್ಪ ಜ್ವರ ಅದಾರಿ," ಅಂದರು.