ಸೊನ್ನೆ ಎಂದರೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಸೊನ್ನೆ ಎಂದರೆ ತಕ್ಕಡಿ ಖಾಲಿ.
ನನ್ನ ಕೋಣೆಯ ಸರ್ವರಿನಲ್ಲಿ ಹಾಗಲ್ಲ:
ಕಾಲಮಿತಿಯ ಮುಂದೆ ಸೊನ್ನೆ ಬರೆದರೆ
ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದರ್ಥ.

ನನಗಿಂತ ಮುಂಚೆ ಇದ್ದವರು ಸೊನ್ನೆ ಬರೆದು ಹೋಗಿದ್ದರು.
ಒಳ್ಳೆಯ ಮನಸ್ಸಿನವರಿರಬೇಕು.

ಆ ಮಂಗಳವಾರ ಹನ್ನೊಂದು ಗಂಟೆಗೆ
ಮೇಲಿನ ಕಚೇರಿಯಿಂದ ಯಾರೋ ಒಂದು ಪ್ರಶ್ನೆ ಬಿಟ್ಟರು:
ಎಲ್ಲ ವರ್ಷ, ಎಲ್ಲ ಲಾಟು, ಎಲ್ಲ ಊರು.
ಅದು ಕೋಷ್ಟಕದ ಬಾಗಿಲಿಗೆ ಅಡ್ಡ ಕೂತು
ಒಂದೊಂದೇ ಸಾಲು ಎಣಿಸುತ್ತ ಹೋಯಿತು.
ಹಿಂದೆ ಹರಾಜಿನ ಕೂಗುಗಳೆಲ್ಲ ಸರದಿ ನಿಂತವು.
ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು.
ಜಾಲರಿಗಳಲ್ಲಿ ಗೂಡು ಒಣಗಿ ತೂಕ ಬಿಡುತ್ತಿತ್ತು.
ರೀಲರ್ ಜಬೀವುಲ್ಲಾ ಕಿಟಕಿಗೆ ಮುಖ ಒತ್ತಿ,
"ಮೇಡಂ, ಒಳಗಿರೋ ಹುಳ ನಿಮ್ಮ ಕಂಪ್ಯೂಟರಿಗೋಸ್ಕರ ಕಾಯಲ್ಲ,
ಚಿಟ್ಟೆ ಆಗುತ್ತೆ, ತೂತು ಹೊಡೆದು ಹೋಗುತ್ತೆ" ಅಂದ.

ಆ ರಾತ್ರಿಯೇ ಸೊನ್ನೆ ಅಳಿಸಿ ಮೂವತ್ತು ಸೆಕೆಂಡು ಬರೆದೆ.
ಕೈ ನಡುಗಲಿಲ್ಲ ಅಂದರೆ ಸುಳ್ಳು.
ಹತ್ತು ಕಡಿಮೆ; ಮಧ್ಯಾಹ್ನದ ಪಟ್ಟಿಗೇ ಹದಿನೆಂಟು ಬೇಕು.
ಅರವತ್ತು ಜಾಸ್ತಿ; ಅಷ್ಟರಲ್ಲಿ ಜಬೀವುಲ್ಲಾ ಎರಡು ಸಲ ಬೈದಿರುತ್ತಾನೆ.
ಮಿತಿ ಅನ್ನೋದನ್ನ ಹೀಗೇ ಅಳೆಯೋದು,
ಬೇಕಾದ್ದಕ್ಕೂ ಬೈಗುಳಕ್ಕೂ ನಡುವೆ ಎಲ್ಲೋ.

ಆಮೇಲೊಂದು ದಿನ ಮಳ್ಳೂರಿನ ಪಿಳ್ಳಪ್ಪ ಬಂದರು.
ದುಡ್ಡಿನ ಮಾತಲ್ಲ, ತಮ್ಮನ ಜೊತೆ ಪಂದ್ಯ:
ಕೇಜಿಗೆ ಐನೂರು ಮೊದಲು ಮುಟ್ಟಿದ್ದು ಯಾರ ಗೂಡು?
ಸೋತವರು ಬಿರಿಯಾನಿ ಕೊಡಿಸಬೇಕು.
ಕೇಳಿದೆ. ಮೂವತ್ತಕ್ಕೆ ಸರಿಯಾಗಿ ಕೆಂಪಕ್ಷರ: ರದ್ದಾಗಿದೆ.
ಮತ್ತೆ ಕೇಳಿದೆ. ರದ್ದಾಗಿದೆ.
"ಅದಕ್ಕೆ ಗೊತ್ತಿಲ್ವಾ?"
"ಗೊತ್ತಿದೆ. ಹೇಳೋಕೆ ಬಿಡಲಿಲ್ಲ. ಬಿಡದವಳು ನಾನೇ. ಸಂಜೆ ಬನ್ನಿ."

ಬಂದರು, ಹರಾಜು ಮುಗಿದು ನೆಲ ಗುಡಿಸುವ ಹೊತ್ತಿಗೆ.
ನನ್ನ ಒಂದು ಕಿಟಕಿಗೆ ಮಾತ್ರ, ಇದೊಂದು ಸಲಕ್ಕೆ ಮಾತ್ರ
ಹತ್ತು ನಿಮಿಷ ಕೊಟ್ಟೆ.
ಅವರು ಬೆಂಚಿನ ತುದಿಯಲ್ಲಿ,
ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟು
ಕಾಯುವವರ ಹಾಗೆ, ಮಾತಿಲ್ಲದೆ.

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ತಮ್ಮನದೇ. ಹದಿಮೂರು ದಿನ ಮುಂಚೆ.

"ಸೋಲೋಕೆ ಇಷ್ಟು ಹೊತ್ತಾ!"
ಟವೆಲು ಕೊಡವಿ ಎದ್ದರು. ಬಾಗಿಲಲ್ಲಿ ತಿರುಗಿ,
"ಅವನು ಬಂದರೆ ಹೇಳಬೇಡಿ ತಾಯಿ,
ಮಿಷನ್ನು ಮಧ್ಯದಲ್ಲೇ ನಿಂತೋಯ್ತು ಅನ್ನಿ."

ಕಿಟಕಿ ಮುಚ್ಚಿದೆ. ಮಿತಿ ತಾನಾಗಿ ಮೂವತ್ತಕ್ಕೆ ಮರಳಿತು.

ಮರುದಿನ ತಮ್ಮ ಬಂದೇ ಬಿಟ್ಟ.
ನಾನು ಸುಳ್ಳು ಹೇಳಲಿಲ್ಲ.
ಅವನ ಎದುರಿಗೇ ಕೇಳಿದೆ,
ಇಬ್ಬರೂ ಸೇರಿ ಮೂವತ್ತರವರೆಗೆ ಎಣಿಸಿದೆವು.