ಮೂರು ರೂಪಾಯಿಯ ಮನೆ

ಚಿತ್ರದುರ್ಗ, ಚಳ್ಳಕೆರೆ ಗೇಟಿನಿಂದ ಒಳಗೆ ಎರಡನೇ ತಿರುವು,
ಶುದ್ಧ ಕುಡಿಯುವ ನೀರಿನ ಘಟಕ. ಬೀಗದ ಕೈ ನನ್ನದು.
ಕ್ಯಾನಿಗೆ ಐದು ರೂಪಾಯಿ.
ಒಂದರ ಬಿಲ್ಲೆ, ಎರಡರ ಬಿಲ್ಲೆ ನುಂಗುತ್ತದೆ,
ನೋಟು ತೋರಿಸಿದರೆ ಸುಮ್ಮನಿರುತ್ತದೆ.

ಯಂತ್ರ ಕೂರಿಸಿದ ದಿನ ಕಂಪನಿಯ ಹುಡುಗ
ಸಿಮೆಂಟಿನ ಗೋಡೆಗೆ ಸೀಮೆಸುಣ್ಣದಲ್ಲಿ ಆರು ಸುತ್ತು ಬರೆದ.
ಸೊನ್ನೆಯಿಂದ ಐದು.
ಕೊನೆಯದಕ್ಕೆ ಮಾತ್ರ ಎರಡು ಬಳೆ ತೊಡಿಸಿದ. ನಡುವೆ ಬಾಣಗಳು.
"ಇಷ್ಟೇ ಅಣ್ಣ ಇದರ ತಲೆ. ಇದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ."

ಚೌಕಾಬಾರದ ಮನೆಗಳು ಅಂದುಕೊಂಡೆ ನಾನು.
ಕಾಯಿ ಯಾವುದಾದರೂ ಒಂದರಲ್ಲಿ ಕೂತಿರಬೇಕು,
ಎರಡು ಮನೆಯಲ್ಲಿ ಕಾಲಿಡುವಂತಿಲ್ಲ.
ಬಿಲ್ಲೆ ಬಿತ್ತೋ, ಬಾಣ ಹಿಡಿದು ಮುಂದಿನ ಮನೆ.
ಐದಕ್ಕೆ ಹೋದರೆ ನೀರು. ಕ್ಯಾನು ತುಂಬಿದರೆ ಮತ್ತೆ ಸೊನ್ನೆ.
ನಾಲ್ಕರಲ್ಲಿದ್ದಾಗ ಎರಡು ಹಾಕಿದವನು
ಚಿಲ್ಲರೆ ಕೇಳುತ್ತ ಜಗಳಕ್ಕೆ ಬರುತ್ತಾನೆ.
ಗೋಡೆ ತೋರಿಸುತ್ತೇನೆ: ಆರು ಅಂತ ಮನೆಯೇ ಇಲ್ಲವಲ್ಲಪ್ಪ.

ಮೂರಕ್ಕೆ ಹೇಗೆ ಬಂದೆ,
ಒಂದೊಂದಾಗಿ ಮೂರೋ, ಎರಡರ ಮೇಲೆ ಒಂದೋ, ಒಂದರ ಮೇಲೆ ಎರಡೋ,
ಅದು ಕೇಳುವುದಿಲ್ಲ. ಮೂರು ಅಂದರೆ ಮೂರು.
ಇನ್ನೆರಡು ಬೇಕು ಅನ್ನುವುದೊಂದೇ ಅದರ ಜ್ಞಾನ.
ಯಾವ ಕೇರಿಯಿಂದ ಬಂದೆ ಅಂತಲೂ ಕೇಳುವುದಿಲ್ಲ.
ನಮ್ಮಪ್ಪನ ಕಾಲದ ಬಾವಿ ಹಾಗಿರಲಿಲ್ಲ.
ಅದಕ್ಕೆ ಎಲ್ಲಾ ನೆನಪಿತ್ತು, ಏಳು ತಲೆಮಾರಿನದೂ.

ಈ ಮರೆವಿನ ಮೇಲೆ ನನಗೆ ಪ್ರೀತಿ ಬಂದದ್ದು ಸುಳ್ಳಲ್ಲ.
ಬೆಳಿಗ್ಗೆ ಒರೆಸುವಾಗ
ಬಿಲ್ಲೆ ಹಾಕುವ ಬಾಯಿಗೆ ಒಂದು ಕೈ ಹೆಚ್ಚೇ.

ಹೋದ ಶನಿವಾರ ಓಬಕ್ಕನ ಮೊಮ್ಮಗಳು ಸಿಂಚನಾ
ಮೂರು ರೂಪಾಯಿ ಹಾಕಿದಳು.
ಉಳಿದದ್ದು ಮುಷ್ಟಿಯಲ್ಲಿಲ್ಲ, ಲಂಗದ ಜೇಬಿನಲ್ಲೂ ಇಲ್ಲ.
ಸೈಕಲ್ಲು, ಕ್ಯಾನು ಅಲ್ಲೇ ಬಿಟ್ಟು ಮನೆಗೆ ಓಡಿದಳು.
ನಾನು ಹಿಂದೆ ಫಿಲ್ಟರು ತೊಳೆಯುತ್ತಿದ್ದೆ.
ಅಷ್ಟರಲ್ಲಿ ಬೈಕಿನವನೊಬ್ಬ ಬಂದು
ಅವಳ ಕ್ಯಾನು ಕಾಲಲ್ಲಿ ಸರಿಸಿ, ತನ್ನದಿಟ್ಟು, ಎರಡರ ಬಿಲ್ಲೆ ಹಾಕಿದ.
ನೀರು ಬಂತು. ಬೆರಗಾದ. ತುಂಬಿಸಿಕೊಂಡು ಹೋದ.

ಏದುಸಿರಲ್ಲಿ ಬಂದ ಹುಡುಗಿ ಎರಡು ಹಾಕಿದಳು.
ಯಂತ್ರ ಎರಡರ ಮನೆಯಲ್ಲಿ ಕೂತು
ಇನ್ನೂ ಮೂರು, ಅಂತ ಕೆಂಪು ಅಂಕಿ ತೋರಿಸಿತು.
"ದುರುಗಪ್ಪ ಮಾಮ, ಇದು ಸುಳ್ಳು ಹೇಳ್ತೈತೆ."

ಗೋಡೆಯ ಮುಂದೆ ನಿಂತು ಬೆರಳಿಟ್ಟು ನೋಡಿದೆ.
ಒಂದು ಬಾಣವೂ ತಪ್ಪಿರಲಿಲ್ಲ.
ನಿನ್ನ ಮೂರು, ಅವನ ಎರಡು, ಕೂಡಿ ಐದು.
ಯಾರದು ಅನ್ನುವುದಕ್ಕೆ ಇಲ್ಲಿ ಮನೆ ಕಟ್ಟಿಲ್ಲ ಮಗಳೇ.

"ಕಟ್ಟು ಮತ್ತೆ."

ಎಷ್ಟು ಅಂತ ಕಟ್ಟಲಿ?
ನಿಮ್ಮಜ್ಜಿ ಮದುವೆಮನೆಗಳಿಗೆ ಕೊಡ ಕೊಡುತ್ತಾಳಲ್ಲ,
ಹೋದಾಗ ಇದ್ದಿಲಲ್ಲಿ ಒಂದು ಗೆರೆ, ಬಂದಾಗ ಒಂದು ಅಳಿಸು.
ಹತ್ತಾಗಲಿ, ಇನ್ನೂರಾಗಲಿ,
ಒಂದು ಕೊಡ ಬರದಿದ್ದರೆ ಓಬಕ್ಕನಿಗೆ ನಿದ್ದೆ ಬರುವುದಿಲ್ಲ.
ಈ ಆರು ಮನೆಯವನಿಗೆ ಆ ವಿದ್ಯೆ ಇಲ್ಲ.
ಅರವತ್ತು ಮನೆ ಕಟ್ಟಿಕೊಡು,
ಅರವತ್ತೊಂದನೆಯ ಕೊಡ ಬೀದಿಯಲ್ಲಿ ನಿಲ್ಲುತ್ತದೆ.

ಅವಳಿಗೆ ಎಷ್ಟು ತಿಳಿಯಿತೋ.
ಪಕ್ಕದ ಮುಚ್ಚಳ ತೆಗೆದು, ಕೈಯಲ್ಲೇ ವಾಲ್ವು ತಿರುಗಿಸಿ
ಅವಳ ಕ್ಯಾನು ತುಂಬಿದೆ.
ಗೋಡೆಯಲ್ಲಿ ಆ ಬಾಣ ಇಲ್ಲ.
ಅವಳ ಎರಡು ರೂಪಾಯಿ ಇನ್ನೂ ಒಳಗೇ ಕೂತಿತ್ತು,
ಮುಂದೆ ಬರುವ ಯಾರಿಗೋ.

ತಿರುಗಿ ನೋಡಿದರೆ ಹುಡುಗಿ ಸೀಮೆಸುಣ್ಣದ ಚೂರು ಹುಡುಕಿ
ಮೂರರ ಮನೆಯ ಕೆಳಗೆ ಒಂದು ಸೊಟ್ಟ ಸುತ್ತು ಬರೆದಿದ್ದಳು.
ಒಳಗೆ 'ಸಿಂ' ಅಂತ.
"ಬಾಣ ಎಲ್ಲಿಂದ ಎಳೀಲಿ ಮಾಮ?"

ಕ್ಯಾನನ್ನು ಸೈಕಲ್ಲಿಗೆ ಬಿಗಿಯುತ್ತಿದ್ದೆ,
ಹಗ್ಗ ಎರಡು ಸಲ ಜಾರಿತು.
ಕತ್ತಲಾಯಿತು, ಮೊದಲು ಮನೆಗೆ ಹೋಗು, ಅಂದೆ.